ಅತ್ತೆಯ ನಲವತ್ತು ನಿಮಿಷ

ನಮ್ಮ ಅತ್ತೆಯ ಕೆಲಸವೇನು ಎಂದು ಯಾರಾದರೂ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಅಪ್ಪ ‘ಕಾನೂನು ಕಾಲೇಜಿನಲ್ಲಿ ಪ್ರೊಫೆಸರ್’ ಎಂದು ಚುಟುಕಾಗಿ ಮುಗಿಸುತ್ತಿದ್ದ. ಅಜ್ಜಿಗೆ, ಅಂದರೆ ಅತ್ತೆಯ ತಾಯಿಗೆ, ಅಷ್ಟು ಸಾಲದು. ಎರಡು ದೇಶಗಳಿಗೆ ಜಗಳ ಬಂದರೆ ನಮ್ಮವಳೇ ಬಿಡಿಸಬೇಕು ಎಂದು ಬೀದಿಗೆಲ್ಲ ಹೇಳಿಕೊಂಡಿದ್ದಳು. ಅದನ್ನು ನಂಬಿದ ಪಕ್ಕದ ಮನೆಯ ದರ್ಜಿ ಒಮ್ಮೆ ಬಂದು, ಹಿಂದಿನ ಮನೆಯ ಮೋರಿಯ ನೀರು ತನ್ನ ಅಂಗಳಕ್ಕೆ ಹರಿಯುತ್ತಿದೆ, ಇದನ್ನೊಂದು ಬಗೆಹರಿಸಿಕೊಡಿ ಎಂದು ಪಟ್ಟಾಗಿ ಕೂತ. ಅತ್ತೆ ಅವನಿಗೆ ಮೂರು ಸಂಜೆ, ಎರಡು ದೇಶಗಳನ್ನು ಹಾದು ಹರಿಯುವ ನದಿಗಳ ಬಗ್ಗೆ ತಿಳಿಯಹೇಳಿದಳು. ನಾಲ್ಕನೆಯ ದಿನ ದರ್ಜಿ ತಾನೇ ಹೋಗಿ ಹಿಂದಿನ ಮನೆಯವನ ಜೊತೆ ಸೇರಿ ಮೋರಿಗೆ ಕಲ್ಲು ಕಟ್ಟಿದ. ಅಜ್ಜಿ ಅದನ್ನೂ ಮಗಳ ಲೆಕ್ಕಕ್ಕೇ ಸೇರಿಸಿದಳು.

ನಾನು ಬೆಳೆದದ್ದು ಈ ಇಬ್ಬರ ನಡುವೆ. ಅಜ್ಜಿ ಕಥೆ ಹೇಳುತ್ತಿದ್ದಳು. ರಾಜಕುಮಾರ ಕುದುರೆ ಏರಿ ಒಂದು ಸಮುದ್ರ ದಾಟಿದ, ಇನ್ನೊಂದು ದಾಟಿದ, ಏಳನೆಯದರ ನಡುವೆ ಒಂದು ನಡುಗಡ್ಡೆ, ಅಲ್ಲೊಂದು ಗಿಣಿ, ಗಿಣಿಯೊಳಗೆ ರಾಕ್ಷಸನ ಜೀವ. ನಾನು ಕಣ್ಣು ಮುಚ್ಚಿ ಆ ನಡುಗಡ್ಡೆಯ ಮರಳಿನ ಮೇಲೆ ಕಾಲಿಡುತ್ತಿರುವಾಗ, ಆಚೆಯ ಮೇಜಿನಿಂದ ಅತ್ತೆ ತಲೆಯೆತ್ತದೆ ಕೇಳುವಳು: “ಅಮ್ಮಾ, ಆ ನಡುಗಡ್ಡೆ ಯಾವ ರಾಜನಿಗೆ ಸೇರಿದ್ದು?” ಅಜ್ಜಿ ತಡವರಿಸದೆ, ಗಿಣಿಗೆ ಸೇರಿದ್ದು ಕಣೇ, ನೀನು ನಿನ್ನ ಪುಸ್ತಕ ನೋಡ್ಕೋ, ಎನ್ನುವಳು.

ಅತ್ತೆ ನೋಡಿಕೊಳ್ಳುತ್ತಿದ್ದ ಪುಸ್ತಕಗಳು ಅಂತರರಾಷ್ಟ್ರೀಯ ಕಾನೂನಿನವು. ಕಾಲೇಜಿನಲ್ಲಿ ಅದು ಐಚ್ಛಿಕ ವಿಷಯ. ಮೂರನೆಯ ಮಹಡಿಯ ಕೊನೆಯ ಕೋಣೆ, ಪಕ್ಕದಲ್ಲಿ ಮುರಿದ ಕುರ್ಚಿಗಳ ಉಗ್ರಾಣ. ವರ್ಷಕ್ಕೆ ನಾಲ್ಕು ಜನ, ಅಬ್ಬಬ್ಬಾ ಎಂದರೆ ಆರು ಜನ ವಿದ್ಯಾರ್ಥಿಗಳು. ಅವರಲ್ಲೊಬ್ಬ, ಆ ಮಹಡಿಯಲ್ಲಿ ಫ್ಯಾನು ಚೆನ್ನಾಗಿ ತಿರುಗುವ ಕೋಣೆ ಅದೊಂದೇ ಆದ್ದರಿಂದ ಬಂದೆ ಎಂದು ಕೊನೆಯ ದಿನ ಒಪ್ಪಿಕೊಂಡಿದ್ದ. ಅಪರಾಧ ಕಾನೂನು, ಆಸ್ತಿ ಕಾನೂನು ಹೇಳಿಕೊಡುವ ಸಹೋದ್ಯೋಗಿಗಳು ಅತ್ತೆ ಸ್ಟಾಫ್ ರೂಮಿಗೆ ಬಂದರೆ, ವಿದೇಶಾಂಗ ಮಂತ್ರಿಗಳು ಬಂದ್ರು, ಜಾಗ ಬಿಡಿ, ಎನ್ನುತ್ತಿದ್ದರು. ವಿದ್ಯಾರ್ಥಿಗಳು ಇಟ್ಟ ಹೆಸರು ಬೇರೆ: ‘ಅಡಿಟಿಪ್ಪಣಿ ಮೇಡಂ’. ಅತ್ತೆ ಯಾವ ಪುಸ್ತಕವನ್ನೇ ಆಗಲಿ ಮೊದಲು ಪುಟದ ಕೆಳಗಿನ ಸಣ್ಣ ಅಕ್ಷರ ಓದಿ, ಆಮೇಲೆ ಮೇಲಕ್ಕೆ ಹೋಗುವವಳು. ಮೇಲೆ ಬರೆಯೋದು ನಾವು ಏನು ಹೇಳ್ಬೇಕು ಅಂತಿದ್ದೀವೋ ಅದನ್ನ, ಕೆಳಗೆ ಬರೆಯೋದು ಅದು ನಮಗೆ ಹೇಗೆ ಗೊತ್ತಾಯ್ತು ಅನ್ನೋದನ್ನ. ಕಳ್ಳ ಸಿಗೋದು ಕೆಳಗೇ, ಎಂದು ತರಗತಿಯಲ್ಲಿ ಹೇಳುತ್ತಿದ್ದಳಂತೆ.

ಮೂವತ್ತೆರಡು ವರ್ಷ ಹೀಗೆಯೇ ಹೋಯಿತು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಕಾಲೇಜಿನ ಪತ್ರಿಕೆಗೆ ಅತ್ತೆ ಒಂದು ಲೇಖನ ಬರೆದಿದ್ದಳು. ನಮ್ಮ ಕರಾವಳಿಗೂ ನೆರೆಯ ದೇಶದ ಕರಾವಳಿಗೂ ನಡುವಿನ ಕಡಲಲ್ಲಿರುವ ಮೂರು ಮರಳುದಿಬ್ಬಗಳು ಯಾರಿಗೆ ಸೇರಿದವು ಎಂಬುದು ಅದರ ವಿಷಯ. ಐವತ್ತನಾಲ್ಕು ಅಡಿಟಿಪ್ಪಣಿಗಳು. ಅಲ್ಲಿಂದ ಇಲ್ಲಿಯವರೆಗೆ ಆ ಲೇಖನವನ್ನು ಯಾವ ಪುಸ್ತಕದಲ್ಲೂ ಯಾರೂ ಹೆಸರೆತ್ತಿ ಹೇಳಿರಲಿಲ್ಲ. ಹೊಸ ಪುಸ್ತಕ ಬಂದಾಗಲೆಲ್ಲ ಅತ್ತೆ ಹಿಂದಿನ ಪುಟಗಳಲ್ಲಿ ತನ್ನ ಹೆಸರು ಹುಡುಕಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಓದಲು ಕೂರುತ್ತಿದ್ದಳು.

ಆ ದಿಬ್ಬಗಳಿಗೇ ಜಗಳ ಬಂತು. ನಮ್ಮ ಕಡೆಯ ಮೀನುಗಾರರು ಅಜ್ಜನ ಕಾಲದಿಂದ ಅಲ್ಲಿ ಬಲೆ ಒಣಗಿಸುತ್ತಿದ್ದರು. ಒಂದು ಬೆಳಿಗ್ಗೆ ನೆರೆಯ ದೇಶದವರು ಅಲ್ಲೊಂದು ಕಂಬ ನೆಟ್ಟು, ಕಾವಲಿನ ದೋಣಿ ನಿಲ್ಲಿಸಿ, ಇವರನ್ನು ಹಿಂದಕ್ಕೆ ಕಳಿಸಿದರು. ದಿಬ್ಬ ಯಾರದೋ ಅದರ ಸುತ್ತಲಿನ ಮೈಲುಗಟ್ಟಲೆ ನೀರೂ ಅವರದೇ. ಆದ್ದರಿಂದ ಹನ್ನೊಂದು ಹಳ್ಳಿಗಳ ದೋಣಿಗಳು ದಡದಲ್ಲೇ ಉಳಿದವು. ಎರಡೂ ಸರ್ಕಾರಗಳು ಒಪ್ಪಿ, ಮೂರನೆಯದೊಂದು ದೇಶದಲ್ಲಿ ಐವರು ಮಧ್ಯಸ್ಥರ ನ್ಯಾಯಮಂಡಳಿಯ ಮುಂದೆ ಹೋದವು.

ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಅತ್ತೆಯ ಹಳೆಯ ಶಿಷ್ಯ. ಫ್ಯಾನಿಗಾಗಿ ಬಂದಿದ್ದನಲ್ಲ, ಅವನೇ. ಅವನು ಫೋನು ಮಾಡಿ, ನಮ್ಮ ತಂಡಕ್ಕೆ ಹೊರದೇಶದ ಬಹಳ ದೊಡ್ಡ ವಕೀಲರೊಬ್ಬರನ್ನು ಹಿರಿಯರಾಗಿ ಗೊತ್ತುಮಾಡಿದ್ದೇವೆ, ಆದರೆ ಹಳೆಯ ಒಪ್ಪಂದ ಮತ್ತು ಅದರ ನಕ್ಷೆಯ ಭಾಗವನ್ನು ನೀವೇ ವಾದಿಸಬೇಕು, ನಲವತ್ತು ನಿಮಿಷ ನಿಮ್ಮದು, ಎಂದ. ಅತ್ತೆ ಆಗಲಿ ಎಂದು ಫೋನಿಟ್ಟಳು. ಮೂವತ್ತೆರಡು ವರ್ಷ ದಡದಲ್ಲಿ ನಿಂತು ಈಜು ಕಲಿಸಿದವಳಿಗೆ ಮೊದಲ ಸಲ ನೀರಿಗಿಳಿ ಎಂದು ಹೇಳಿದ ಹಾಗಾಗಿತ್ತು. ಆಮೇಲೆ ನನ್ನತ್ತ ತಿರುಗಿ, ಡಿಗ್ರಿ ಮುಗಿಸಿ ಕಿಟಕಿಯಲ್ಲಿ ಮೋಡ ಎಣಿಸೋದು ಸಾಕು, ಬಂದು ನನ್ನ ಅನುಬಂಧಗಳಿಗೆ ನಂಬರ್ ಹಾಕು, ಎಂದಳು. ಹೀಗೆ ನಾನೂ ಒಳಗೆ ಬಿದ್ದೆ.

ನೆರೆಯ ದೇಶದ ಲಿಖಿತ ಉತ್ತರ ಬಂದಾಗ ಅದು ಎಂಟು ಸಂಪುಟ. ಕೊರಿಯರಿನವನು ಎರಡು ಸಲ ಮೆಟ್ಟಿಲು ಹತ್ತಿ ಇಳಿದ. ಅತ್ತೆ ಎಂದಿನಂತೆ ಪುಟದ ಬುಡದಿಂದ ಶುರು ಮಾಡಿದಳು. ಇನ್ನೂರ ಹನ್ನೆರಡನೆಯ ಅಡಿಟಿಪ್ಪಣಿಗೆ ಬಂದವಳು ನಕ್ಕುಬಿಟ್ಟಳು. ನಾನು ಹೋಗಿ ನೋಡಿದರೆ ಅಲ್ಲಿ ಅವಳದೇ ಹೆಸರು, ಅವಳದೇ ಲೇಖನ, ಇಸವಿ, ಪುಟಸಂಖ್ಯೆ ಸಮೇತ. ಅಜ್ಜಿಗೆ ಕೂಗಿ ಹೇಳಿದೆ. ಅಂತೂ ಒಬ್ಬರಾದ್ರೂ ಓದಿದ್ರಲ್ಲ ಬಿಡು, ಎಂದಳು ಅಜ್ಜಿ ಒಳಗಿನಿಂದ.

ಆದರೆ ಅತ್ತೆ ಮೇಲಿನ ಸಾಲುಗಳನ್ನು ಓದುತ್ತಿದ್ದ ಹಾಗೆ ನಗು ಇಳಿಯಿತು. ‘ಆ ದೇಶದ ಸ್ವಂತ ವಿದ್ವಾಂಸರೇ ದಿಬ್ಬಗಳು ನಮ್ಮವೆಂದು ಒಪ್ಪಿದ್ದಾರೆ. ಇಂದು ಅವರ ಪರವಾಗಿ ವಾದಿಸಲು ಬರುತ್ತಿರುವ ಪ್ರೊಫೆಸರ್ ಕೂಡ’ ಎಂದಿತ್ತು ಅಲ್ಲಿ. ಸುಳ್ಳೇನಲ್ಲ. ಇಪ್ಪತ್ತಾರರ ಅತ್ತೆ ಹಾಗೆಯೇ ಬರೆದಿದ್ದಳು. ತೊಂಬತ್ತು ವರ್ಷದ ಹಿಂದಿನ ಒಪ್ಪಂದದಲ್ಲಿ ಗಡಿ ಎಲ್ಲಿ ಶುರು, ಎಲ್ಲಿ ಕೊನೆ ಎಂದಷ್ಟೇ ಮಾತಿನಲ್ಲಿತ್ತು. ನಡುವಿನದೆಲ್ಲ ‘ಲಗತ್ತಿಸಿದ ನಕ್ಷೆಯಲ್ಲಿರುವಂತೆ’. ಆ ನಕ್ಷೆಯಲ್ಲಿ ಗಡಿಗೆರೆ ನೆಟ್ಟಗೆ ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ. ದಿಬ್ಬಗಳನ್ನು ನಕ್ಷೆಯಲ್ಲಿ ಬರೆದಿಲ್ಲ. ನಾವಿಕರ ಚಾರ್ಟಿನಿಂದ ಅಳತೆ ತೆಗೆದು ಗುರುತು ಹಾಕಿದರೆ ಅವು ಗೆರೆಯ ಆಚೆ, ನೆರೆಯವರ ಪಾಲಿಗೆ ಬೀಳುತ್ತವೆ. ಹೀಗೆ ಬರೆದವರು ಅತ್ತೆಯೊಬ್ಬಳೇ ಅಲ್ಲ. ಇನ್ನೂ ನಾಲ್ವರು ಬರೆದಿದ್ದರು. ನಮ್ಮ ಸರ್ಕಾರ ಈಗ ಆ ನಕ್ಷೆಯನ್ನು ಒಪ್ಪಿಕೊಂಡು, ಮೀನುಗಾರರ ಬಳಕೆಯ ಆಧಾರದ ಮೇಲೆ ಹೇಗಾದರೂ ಗೆಲ್ಲಬೇಕೆಂದು ಹೊರಟಿತ್ತು.

ಮಾರನೆಯ ದಿನವೇ ಸಲಹೆಗಾರನ ಫೋನು. ಬಹಳ ವಿನಯದಿಂದ, ಮಳೆಯ ಸುದ್ದಿ, ಆರೋಗ್ಯದ ಸುದ್ದಿ ಎಲ್ಲ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ. ಹಿರಿಯ ವಕೀಲರ ಅಭಿಪ್ರಾಯದಲ್ಲಿ ಅತ್ತೆ ಎದ್ದು ನಿಲ್ಲುವುದು ಅಪಾಯ. ಆಕೆಯ ಭಾಗವನ್ನು ಒಬ್ಬ ಕಿರಿಯ ವಕೀಲ ಓದಲಿ, ಆಕೆ ಹಿಂದಿನ ಸಾಲಿನಲ್ಲಿ ಕೂತು ಚೀಟಿ ಬರೆದು ಕೊಡಲಿ, ಎಂದ. ಅತ್ತೆ ಒಂದು ವಾರ ಸಮಯ ಕೇಳಿದಳು.

ಆ ವಾರ ಮನೆ ಮನೆಯಂತಿರಲಿಲ್ಲ. ಅತ್ತೆ ಊಟಕ್ಕೆ ಕೂತರೂ ಎಡಗೈಯಲ್ಲಿ ಹಳೆಯ ಪತ್ರಿಕೆ. ತನ್ನ ಲೇಖನವನ್ನು ಯಾರೋ ಪೆದ್ದು ವಿದ್ಯಾರ್ಥಿನಿಯ ಉತ್ತರಪತ್ರಿಕೆಯನ್ನು ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಓದುತ್ತಿದ್ದಳು. ಐವತ್ತನಾಲ್ಕರಲ್ಲಿ ಒಂದೊಂದೇ ಟಿಪ್ಪಣಿಯ ಮೂಲ ಹುಡುಕಿ, ಸರಿ ಹಾಕುತ್ತ ಬಂದಳು. ನಕ್ಷೆಯ ಮೂಲ ಎಂದು ಅವಳು ಕೊಟ್ಟಿದ್ದು ಒಪ್ಪಂದಗಳ ಮುದ್ರಿತ ಸಂಗ್ರಹ. ಪ್ರಪಂಚದ ಪ್ರತಿ ಕಾನೂನು ಗ್ರಂಥಾಲಯದಲ್ಲೂ ಇರುವ ದಪ್ಪನೆಯ ಕಂದು ರಟ್ಟಿನ ಪುಸ್ತಕ. ಭಾನುವಾರ ಮಧ್ಯಾಹ್ನ ಅದನ್ನು ನನ್ನ ಮುಂದಿಟ್ಟು, ಭೂತಗನ್ನಡಿ ಕೊಟ್ಟು, ನಕ್ಷೆಯ ಎಡ ಅಂಚಿನಲ್ಲಿರುವ ಅಂಕಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಓದು, ನಾನು ಬರ್ಕೋತೀನಿ, ಎಂದಳು. ಅಕ್ಷಾಂಶದ ಅಂಕಿಗಳು, ಐದೈದರಂತೆ ಇಳಿಯುವಂಥವು.

ನಾನು ಓದಿದೆ. ಐವತ್ತು, ನಲವತ್ತೈದು, ನಲವತ್ತು, ಮೂವತ್ತೈದು, ಇಪ್ಪತ್ತೈದು, ಇಪ್ಪತ್ತು.

“ಕನಸು ಕಾಣ್ತಾ ಓದ್ಬೇಡ,” ಎಂದಳು ಅತ್ತೆ. “ಮೂವತ್ತು ಬಿಟ್ಟೆ.”

ಮತ್ತೆ ಓದಿದೆ. ಮತ್ತೆ ಮೂವತ್ತೈದರ ಕೆಳಗೆ ಇಪ್ಪತ್ತೈದೇ.

“ಅತ್ತೆ, ನಾನು ಬಿಟ್ಟಿಲ್ಲ. ಅದರಲ್ಲೇ ಇಲ್ಲ.”

ಅತ್ತೆ ಎದ್ದು ಬಂದಳು. ಭೂತಗನ್ನಡಿ ಕಸಿದುಕೊಂಡು ಅಂಚಿನ ಮೇಲೆ ಮೂಗು ಇಟ್ಟಳು. ಬಲ ಅಂಚಿನಲ್ಲಿ ನೋಡಿದಳು. ಅಲ್ಲಿಯೂ ಮೂವತ್ತು ಇಲ್ಲ. ಅಂಕಿಗಳು ಎಳ್ಳಿನ ಕಾಳಿಗಿಂತ ಚಿಕ್ಕವು. ಮೂವತ್ತೆರಡು ವರ್ಷದ ಹಿಂದೆ ಹತ್ತಿರದ ಗುರುತಿನಿಂದ ಅಳೆದು ಚುಕ್ಕಿ ಇಟ್ಟವಳು ಪೂರ್ತಿ ಸಾಲನ್ನು ಎಣಿಸಿರಲಿಲ್ಲ. ಆಮೇಲೆ ನಕ್ಷೆಯ ಮೇಲೆ ನಿಧಾನವಾಗಿ ಬೆರಳಾಡಿಸುತ್ತ ಹೋದಾಗ, ಮೂವತ್ತೈದು ಮತ್ತು ಇಪ್ಪತ್ತೈದರ ನಡುವೆ ಅಡ್ಡಲಾಗಿ, ಕೂದಲೆಳೆಯಷ್ಟು ತೆಳುವಾದ ಒಂದು ಗೀಟು ಕಂಡಿತು. ನಕ್ಷೆ ಮೂಲದಲ್ಲಿ ಎರಡು ಹಾಳೆ. ಪುಸ್ತಕ ಅಚ್ಚು ಹಾಕಿದವರು ಮೇಲಿನ ಹಾಳೆಯ ಬುಡವನ್ನು ಕೆಳಗಿನ ಹಾಳೆಯ ತಲೆಯ ಅಡಿಗೆ ಸರಿಸಿ ಅಂಟಿಸಿದ್ದರು. ಎರಡು ಬೆರಳಗಲದ ಕಡಲು ಒಳಗೆ ಮುಚ್ಚಿಹೋಗಿತ್ತು. ಚಾರ್ಟಿನ ಲೆಕ್ಕದಲ್ಲಿ, ಮುಚ್ಚಿಹೋದ ಆ ಪಟ್ಟಿಯಲ್ಲಿಯೇ ಮೂರು ದಿಬ್ಬಗಳಿದ್ದವು. ಮೇಲಿನ ಗೆರೆಯ ತುದಿಯೂ ಕೆಳಗಿನ ಗೆರೆಯ ತುದಿಯೂ ಸರಿಯಾಗಿ ಕೂಡಿಬಂದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಆ ಪಟ್ಟಿಯಲ್ಲಿ ಗೆರೆ ಹೇಗೆ ಹೋಗಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ. ನೆಟ್ಟಗೇ ಹೋಗಿದ್ದರೆ ಅತ್ತೆಯ ಹಳೆಯ ಮಾತೇ ನಿಜ.

ಸೋಮವಾರ ಬೆಳಿಗ್ಗೆ ಭೂಮಾಪನ ಕಚೇರಿಯ ನಕ್ಷೆ ಕೋಣೆಗೆ ಹೋದೆವು. ಸರ್ಕಾರದವರೇ ಮೊದಲು ಹೋಗಬೇಕಿತ್ತು. ಆದರೆ ಎಲ್ಲರ ಕೈಗೂ ಸಿಗುವ ಮುದ್ರಿತ ಸಂಗ್ರಹವಿರುವಾಗ ಮೂಲವನ್ನು ಯಾರು ಹುಡುಕುತ್ತಾರೆ. ಅಲ್ಲಿಯ ಗುಮಾಸ್ತೆ ಗಟ್ಟಿ ಹೆಂಗಸು. ಮೊದಲು ಕೈ ತೊಳ್ಕೊಂಡು ಬನ್ನಿ, ಎಂದಳು. ತೊಳೆದು ಬಂದೆವು. ಒರೆಸ್ಕೊಂಡು ಬನ್ನಿ, ಎಂದಳು. ಆಮೇಲೆ ಏಣಿ ಹತ್ತಿ ಒಂದು ಸುರುಳಿ ತೆಗೆದಳು. ಅದು ಕೆಳಗಿನ ಹಾಳೆ. ಮೇಲಿನದು ಎಲ್ಲಿ ಎಂದರೆ ಅಂಥದ್ದು ಇಲ್ಲ ಎಂದಳು. ಅತ್ತೆ ಜಗ್ಗಲಿಲ್ಲ, ಈ ಹಾಳೆಗೆ ಯಾವ ಜಿಲ್ಲೆಯ ನಂಬರು ಕೊಟ್ಟಿದ್ದೀರೋ ಅದರ ಉತ್ತರದ ಜಿಲ್ಲೆಯ ಕಪಾಟು ತೆಗೆಯಿರಿ ಎಂದು ಕೇಳಿದಳು. ಮೂರನೆಯ ಖಾನೆಯಲ್ಲಿ, ಬೇರೆಯೇ ನಂಬರಿನಲ್ಲಿ, ಮೇಲಿನ ಹಾಳೆ ಮಲಗಿತ್ತು. ನಾನಿಲ್ಲಿಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು, ಎಂದು ಗುಮಾಸ್ತೆ ಮೂಲೆಗಳ ಮೇಲೆ ಸೀಸದ ತೂಕ ಇಟ್ಟಳು.

ಗಡಿಗೆರೆ ಮೂವತ್ತಮೂರಕ್ಕೆ ಬಂದು ಪಶ್ಚಿಮಕ್ಕೆ ತಿರುಗಿತ್ತು. ಮೊಣಕೈ ಮಡಚಿ ಮಗುವನ್ನು ಎತ್ತಿಕೊಂಡ ಹಾಗೆ ಮೂರು ದಿಬ್ಬಗಳನ್ನೂ ನಮ್ಮ ಕಡೆಗೆ ಸೇರಿಸಿಕೊಂಡು, ಸುತ್ತಿ, ಇಪ್ಪತ್ತೇಳಕ್ಕೆ ಮತ್ತೆ ತನ್ನ ಹಳೆಯ ದಾರಿಗೆ ಬಂದಿತ್ತು. ಕೆಳಗೆ ಎರಡೂ ದೇಶದ ಪ್ರತಿನಿಧಿಗಳ ಸಹಿ. ಗುಮಾಸ್ತೆಯೇ ಅತ್ತೆಗೆ ಸ್ಟೂಲು ತಂದುಕೊಟ್ಟಳು.

ಹಿರಿಯ ವಕೀಲರಿಗೆ ಖುಷಿಯೋ ಖುಷಿ. ಹೊಸ ದಾಖಲೆ ಸಲ್ಲಿಸಲು ನ್ಯಾಯಮಂಡಳಿ ಅನುಮತಿಯನ್ನೂ ಕೊಟ್ಟಿತು. ಆದರೆ ವಿಚಾರಣೆಗೆ ಎರಡು ದಿನ ಮುಂಚೆ, ಆ ಪರದೇಶದ ಹೋಟೆಲಿನ ಸಭಾಕೋಣೆಯಲ್ಲಿ, ಅವರು ಹೇಳಿದ್ದು ಅದೇ: ನಕ್ಷೆಯನ್ನು ನಾನೇ ತೋರಿಸುತ್ತೇನೆ, ಪ್ರೊಫೆಸರರ ಲೇಖನದ ಸುದ್ದಿಯನ್ನು ನಾವಾಗಿ ಎತ್ತುವುದು ಬೇಡ, ಅವರು ಎತ್ತಿದರೆ ಹುಡುಗಾಟದ ಕಾಲದ ಬರಹ ಎಂದು ತಳ್ಳಿಹಾಕೋಣ. ಅವಮಾನದಿಂದ ಆಕೆಯನ್ನು ಉಳಿಸುವ ಉದ್ದೇಶವೂ ಅದರಲ್ಲಿ ಇತ್ತು, ಸುಳ್ಳು ಹೇಳಬಾರದು.

ಅತ್ತೆ ಒಪ್ಪಲಿಲ್ಲ. ಎದುರಾಳಿಯ ಗಟ್ಟಿ ಅಸ್ತ್ರ ನಕ್ಷೆ ಅಲ್ಲ. ತೊಂಬತ್ತು ವರ್ಷ ನಿಮ್ಮವರು ಯಾರೂ ಚಕಾರ ಎತ್ತಲಿಲ್ಲ, ನಿಮ್ಮ ವಿದ್ವಾಂಸರೇ ಒಪ್ಪಿದ್ದಾರೆ, ಇಷ್ಟು ವರ್ಷದ ಮೌನ ಅಂದ್ರೆ ಸಮ್ಮತಿ, ಎಂಬ ವಾದ. ಹಳೆಯ ಹಾಳೆ ತಂದು ತೋರಿಸಿದರೆ ಅದು ಹೋಗುವುದಿಲ್ಲ. ಐವರು ವಿದ್ವಾಂಸರೂ ಯಾಕೆ ಒಂದೇ ತಪ್ಪು ಮಾಡಿದರು ಎಂದು ಹೇಳಬೇಕು. ಅದನ್ನು ತಪ್ಪು ಮಾಡಿದವರೇ ಹೇಳಬೇಕು. ಉಳಿದ ನಾಲ್ವರು ಈಗಿಲ್ಲ.

ಸಲಹೆಗಾರ ತಲೆ ಕೆಳಗೆ ಹಾಕಿ, “ಮೇಡಂ, ಅಲ್ಲಿ ನಿಮ್ಮ ಹೆಸರಿಗೆ ಮಸಿ ಬಳೀತಾರೆ,” ಎಂದ.

“ನನ್ನ ಹೆಸರು ಯಾರಿಗೆ ಗೊತ್ತಿತ್ತಪ್ಪಾ?” ಎಂದಳು ಅತ್ತೆ. “ಬಳೀಲಿ. ದೋಣಿಗಳು ಎಷ್ಟು ದಿನ ದಡದಲ್ಲಿ ಕೂತಿರ್ಬೇಕು?”

ಹಿರಿಯ ವಕೀಲರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ ತಮ್ಮ ಸಮಯಪಟ್ಟಿಯಲ್ಲಿ ಅತ್ತೆಯ ಹೆಸರಿನ ಮುಂದೆ ಮತ್ತೆ ನಲವತ್ತು ಎಂದು ಬರೆದರು.

ವಿಚಾರಣೆಯ ಸಭಾಂಗಣ ನಾನು ಅಂದುಕೊಂಡಂತೆ ಅರಮನೆಯಾಗಿರಲಿಲ್ಲ. ತಗ್ಗಿನ ಚಾವಣಿ, ಬೂದು ಬಣ್ಣದ ನೆಲಹಾಸು, ಕುದುರೆ ಲಾಳದ ಆಕಾರದ ಮೇಜು. ಒಂದು ಗೋಡೆಗೆ ಗಾಜಿನ ಗೂಡುಗಳು, ಅದರೊಳಗೆ ಭಾಷಾಂತರಕಾರರು. ವಾದಿಸುವವರ ಮುಂದೆ ಸಮಯ ತಿಳಿಸುವ ಪುಟ್ಟ ದೀಪ: ಹಸಿರು, ಹಳದಿ, ಕೆಂಪು. ಮಧ್ಯಸ್ಥರಲ್ಲಿ ನಡುವೆ ಕೂತ ಅಧ್ಯಕ್ಷೆ ಬಿಳಿ ತಲೆಯ ಅಜ್ಜಿ. ನಮ್ಮಜ್ಜಿಯ ಹಾಗೆಯೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎಲ್ಲರನ್ನೂ ಅದರ ಮೇಲಿನಿಂದ ನೋಡುತ್ತಿದ್ದರು.

ನೆರೆಯ ದೇಶದ ವಕೀಲನಿಗೆ ನಾನು ಇಟ್ಟ ಹೆಸರು ರೇಷ್ಮೆ. ಅವನ ದನಿ ಅಷ್ಟು ನುಣುಪು. ಅವನು ಎರಡನೆಯ ದಿನ ಅತ್ತೆಯ ಲೇಖನವನ್ನು ಪೂರ್ತಿ ಒಂದು ಪುಟ ಓದಿದ. ಎಷ್ಟು ಸೊಗಸಾಗಿ ಓದಿದನೆಂದರೆ ಅತ್ತೆಯ ವಾಕ್ಯಗಳು ಅಷ್ಟು ಚೆನ್ನಾಗಿವೆ ಎಂದು ನನಗೆ ಅದೇ ಮೊದಲು ಗೊತ್ತಾದದ್ದು. ಈ ಮಹಾ ವಿದುಷಿ ಇದೇ ಸಭಾಂಗಣದಲ್ಲಿ ಇದ್ದಾರೆ, ಅವರ ಅಭಿಪ್ರಾಯಕ್ಕೆ ನಾವು ತಲೆಬಾಗುತ್ತೇವೆ, ಎಂದು ನಮ್ಮ ಕಡೆ ಬಾಗಿದ. ಅಲ್ಲಲ್ಲಿ ನಗು ಎದ್ದಿತು. ಹೊಸದಾಗಿ ಸಿಕ್ಕಿದ ಹಾಳೆಗಳು ಯಾವಾಗ ಯಾರು ಬರೆದದ್ದೋ ಎಂಬ ಅನುಮಾನವನ್ನೂ ಮೆಲ್ಲಗೆ ತೇಲಿಬಿಟ್ಟ. ಅತ್ತೆ ಅಡಿಟಿಪ್ಪಣಿ ಬರೆದುಕೊಳ್ಳುವವಳ ಹಾಗೆ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಹತ್ತೂಕಾಲಿಗೆ ಅತ್ತೆ ಎದ್ದಳು. ಹಸಿರು ದೀಪ ಹತ್ತಿತು.

ಮೊದಲನೆಯ ಮಾತೇ ಲೇಖನದ್ದು. ನಿನ್ನೆ ಓದಿದ ಪುಟವನ್ನು ಬರೆದವಳು ನಾನೇ, ನನಗೆ ಆಗ ಇಪ್ಪತ್ತಾರು ವರ್ಷ, ಆದರೆ ವಯಸ್ಸಿನ ನೆಪ ಹೇಳುವುದಿಲ್ಲ, ತಪ್ಪು ವಯಸ್ಸಿನದಲ್ಲ, ಕೆಲಸದ ರೀತಿಯದು, ಎಂದಳು. ಆಮೇಲೆ ಪಾಠ ಹೇಳುವ ದನಿಯಲ್ಲಿ, ಒಂದೊಂದೇ ಹೆಜ್ಜೆ. ನಾನು ನಕ್ಷೆಯನ್ನು ಈ ಸಂಗ್ರಹದಿಂದ ತೆಗೆದುಕೊಂಡೆ. ನನಗಿಂತ ಮುಂಚೆ ಬರೆದವರು ಇದೇ ಸಂಗ್ರಹದಿಂದ ತೆಗೆದುಕೊಂಡಿದ್ದರು, ಇಗೋ ಅವರ ಟಿಪ್ಪಣಿ. ಅವರಿಗಿಂತ ಮುಂಚಿನವರೂ ಅಷ್ಟೇ, ಇಗೋ. ಎದುರು ಪಕ್ಷದ ಹದಿನಾಲ್ಕನೆಯ ಅನುಬಂಧದ ನಕ್ಷೆಯೂ ಇದೇ ಪುಟದ ನೆರಳಚ್ಚು. ಮೂಲೆಯಲ್ಲಿ ಪುಟಸಂಖ್ಯೆಯ ಅರ್ಧ ಉಳಿದಿದೆ, ನೋಡಬಹುದು. ಇಷ್ಟು ಹೇಳಿ ಒಂದು ಗುಟುಕು ನೀರು ಕುಡಿದಳು.

“ಐದು ಜನ ಸಾಕ್ಷಿ ಹೇಳಿದ್ದಾರೆ ಅಂತ ನಿಮಗೆ ಹೇಳಿದ್ರು. ಐದು ಜನ ಅಲ್ಲ, ಒಂದೇ ಪುಸ್ತಕ. ನಾವು ಐವರೂ ಅದನ್ನ ನಂಬಿದ್ವಿ, ಅಷ್ಟೇ. ಸಮುದ್ರದ ಬಗ್ಗೆ ನಮ್ಮಲ್ಲಿ ಒಬ್ಬರೂ ಏನೂ ಒಪ್ಪಿರಲಿಲ್ಲ.”

ಆಗ ಬಲತುದಿಯಲ್ಲಿ ಕೂತಿದ್ದ, ಅಷ್ಟು ದಿನ ಬಾಯಿ ಬಿಡದ ಮಧ್ಯಸ್ಥರು ಮುಂದೆ ಬಾಗಿದರು. ಅವರ ಪ್ರಶ್ನೆಯಲ್ಲಿ ಸ್ವಲ್ಪ ಖಾರವಿತ್ತು: ಪ್ರೊಫೆಸರ್, ಆಗ ಒಂದು ಹೇಳಿದಿರಿ, ಈಗ ಇನ್ನೊಂದು ಹೇಳುತ್ತೀರಿ, ನಾವು ಯಾವ ನಿಮ್ಮನ್ನು ನಂಬಬೇಕು?

ರೇಷ್ಮೆ ಕುರ್ಚಿಗೆ ಒರಗಿ ಕೈ ಕಟ್ಟಿದ.

“ಇಬ್ಬರನ್ನೂ ನಂಬಬೇಡಿ, ಸರ್,” ಎಂದಳು ಅತ್ತೆ. “ಅವರು ಕೊಟ್ಟ ನಕ್ಷೆಯ ಎಡ ಅಂಚನ್ನ ನೀವೇ ಎಣಿಸಿ. ಮೇಲಿನಿಂದ ಕೆಳಗೆ.”

ಐದು ಸಂಪುಟಗಳು ತೆರೆದವು. ಐದು ಬಿಳಿತಲೆಗಳು ಬಾಗಿದವು. ಭಾಷಾಂತರಕಾರರ ಗೂಡಿನಲ್ಲಿ ಕೂಡ ಯಾರೋ ಎದ್ದು ನಿಂತರು. ಅಧ್ಯಕ್ಷೆ ಕನ್ನಡಕ ತೆಗೆದು, ಕಣ್ಣನ್ನು ಹಾಳೆಗೆ ತಾಗಿಸಿ, ಪೆನ್ಸಿಲಿನ ತುದಿಯಿಂದ ಎಣಿಸುತ್ತ ಹೋದರು. ಮೈಕು ಆರಿಸುವುದು ಮರೆತಿತ್ತು, ಎಣಿಕೆ ಎಲ್ಲರಿಗೂ ಕೇಳಿಸುತ್ತಿತ್ತು. ನಲವತ್ತು. ಮೂವತ್ತೈದು. ಪೆನ್ಸಿಲು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ಇಪ್ಪತ್ತೈದು. ಬಲತುದಿಯ ಮಧ್ಯಸ್ಥರು ಪಕ್ಕದವರ ಸಂಪುಟದಲ್ಲಿ ಇಣುಕಿ, ಅಲ್ಲಿಯೂ ಇಲ್ಲದ್ದನ್ನು ನೋಡಿ, ನಿಧಾನಕ್ಕೆ ನಕ್ಕರು. ಕಥೆಯಲ್ಲಿ ಕಲ್ಲುಬಾಗಿಲು ತೆರೆಯುವಾಗ ಎಂಥ ಸದ್ದಾಗುತ್ತದೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕಾಡುತ್ತಿದ್ದೆ. ಪುಟ ಮಗುಚುವ ಸದ್ದು ಎಂದು ಅವತ್ತು ನನಗೆ ತಿಳಿಯಿತು.

ಅತ್ತೆ ಮೂಲ ಹಾಳೆಗಳನ್ನು ತೆರೆಯ ಮೇಲೆ ತೋರಿಸಿದಳು. ಮೊಣಕೈಯನ್ನು ತೋರಿಸಿದಳು, ಸಹಿಗಳನ್ನು ತೋರಿಸಿದಳು. ಅವು ಯಾವಾಗ ಬರೆದವೋ ಎಂಬ ಅನುಮಾನಕ್ಕೆ ಅವಳ ಉತ್ತರ ಒಂದೇ ಸಾಲು: ಒಪ್ಪಂದದ ಪ್ರಕಾರ ನಕ್ಷೆಯ ಎರಡು ಪ್ರತಿ ಆಗಿದ್ದವು, ಇನ್ನೊಂದು ಪ್ರತಿ ನನ್ನ ಎದುರಿಗೆ ಕೂತಿರುವವರ ಮನೆಯಲ್ಲಿದೆ. ಮೂವತ್ತೊಂಬತ್ತನೆಯ ನಿಮಿಷಕ್ಕೆ, ಹಳದಿ ದೀಪ ಇನ್ನೂ ಕೆಂಪಾಗುವ ಮುಂಚೆ, ಕೂತಳು.

ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ರೇಷ್ಮೆಯ ಕಡೆ ನೋಡಿದರು. ನಿಮ್ಮ ದೇಶದ ಮೂಲ ಪ್ರತಿ ಇದೆಯೇ ಎಂದರು. ಅವನು ಎದ್ದ, ಹಿಂದಿನ ಸಾಲಿಗೆ ಬಾಗಿ ಪಿಸುಗುಟ್ಟಿದ, ಮತ್ತೆ ಎದ್ದ. ವಿಚಾರಿಸಿ ಹೇಳಬೇಕು ಎಂದ. ಆ ಮಾತು ಅಷ್ಟೇನೂ ನುಣುಪಾಗಿರಲಿಲ್ಲ. ಸೋಮವಾರಕ್ಕೆ ಹಾಜರುಪಡಿಸಿ ಎಂದು ಅಪ್ಪಣೆಯಾಯಿತು.

ಸೋಮವಾರ ಅವರು ತಂದರು. ಇದನ್ನು ಹೇಳಲೇಬೇಕು: ಅವರ ಭೂಮಾಪನ ಕಚೇರಿಯ ಮುದುಕ ಅಧಿಕಾರಿ ತಾನೇ ಕೊಳವೆಯಲ್ಲಿ ಹೊತ್ತು ತಂದು, ತಾನೇ ಬಿಡಿಸಿ, ಎರಡು ಹಾಳೆಗಳನ್ನೂ ಅಂಚಿಗೆ ಅಂಚು ಸೇರಿಸಿ ಇಟ್ಟು, ಸುಮ್ಮನೆ ಪಕ್ಕಕ್ಕೆ ಸರಿದು ನಿಂತ. ಅದೇ ಮೊಣಕೈ. ಅವೇ ಸಹಿಗಳು. ವಿರಾಮದಲ್ಲಿ ರೇಷ್ಮೆ ಬಂದು ಅತ್ತೆಯ ಕೈ ಕುಲುಕಿ, ನಾಟಕವಿಲ್ಲದೆ, ನಿಮ್ಮ ಲೇಖನ ನಿಜಕ್ಕೂ ಚೆನ್ನಾಗಿತ್ತು, ಎಂದ. ಅತ್ತೆಗೆ ನಾಚಿಕೆಯಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತೀರ್ಪಿಗೆ ಏಳು ತಿಂಗಳು. ಅಷ್ಟು ದಿನ ಅತ್ತೆ ಎಂದಿನಂತೆ ಮೂರನೆಯ ಮಹಡಿ ಹತ್ತಿ ಇಳಿದಳು. ಗೆದ್ರೋ ಇಲ್ವೋ, ಇದೆಂಥ ನ್ಯಾಯ, ನನ್ನ ಕಥೆಯಲ್ಲಾದ್ರೆ ಇಷ್ಟು ಹೊತ್ತಿಗೆ ಮದುವೆಯೂ ಆಗಿ ಮೊಮ್ಮಕ್ಕಳೂ ಆಗ್ತಿದ್ರು, ಎಂದು ಅಜ್ಜಿ ದಿನಕ್ಕೊಮ್ಮೆ ಗೊಣಗುವಳು. ತೀರ್ಪಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ನೇರ ಪ್ರಸಾರ. ಅತ್ತೆಯ ಕೋಣೆಗೆ ಇಡೀ ಕಾಲೇಜು ಬಂದಿತ್ತು. ಕೂರಲು ಜಾಗವಿಲ್ಲದೆ ಉಗ್ರಾಣದ ಮುರಿದ ಕುರ್ಚಿಗಳನ್ನೂ ಎಳೆದು ತಂದಿದ್ದರು. ಅಪರಾಧ ಕಾನೂನಿನ ಪ್ರೊಫೆಸರ್ ಮೂರು ಕಾಲಿನ ಒಂದರ ಮೇಲೆ ಗೋಡೆಗೊರಗಿ ತೂಗಾಡುತ್ತಿದ್ದರು. ಅಜ್ಜಿಯನ್ನು ಅಪ್ಪ ಕೈಹಿಡಿದು ಮಹಡಿ ಹತ್ತಿಸಿ ಮುಂದಿನ ಬೆಂಚಿನಲ್ಲಿ ಕೂರಿಸಿದ್ದ.

ಅಧ್ಯಕ್ಷೆ ಓದುತ್ತ ಹೋದರು. ಅವರು ನೂರ ಎಂಬತ್ತೇಳನೆಯ ಪ್ಯಾರಾಕ್ಕೆ ಬಂದಾಗ ಅತ್ತೆ ಮೇಜಿನ ಅಂಚು ಹಿಡಿದಳು. ಮುದ್ರಿತ ಸಂಗ್ರಹದ ನಕ್ಷೆ ದೋಷಪೂರಿತ. ಅದನ್ನು ಆಧರಿಸಿದ ಬರಹಗಳಿಂದ ಯಾವ ಸಮ್ಮತಿಯೂ ಹುಟ್ಟುವುದಿಲ್ಲ. ತನ್ನ ಬರಹದ ತಪ್ಪನ್ನು ತಾನೇ ಮುಂದೆ ಬಂದು ತೋರಿಸಿದ ವಿದ್ವಾಂಸರ ಮಾತಿಗೆ ನ್ಯಾಯಮಂಡಳಿ ವಿಶೇಷ ತೂಕ ಕೊಡುತ್ತದೆ. ಮೂರೂ ದಿಬ್ಬಗಳು ನಮ್ಮವು. ಐವರದೂ ಒಮ್ಮತ.

ಕೋಣೆ ಕಿತ್ತುಹೋಗುವ ಹಾಗೆ ಚಪ್ಪಾಳೆ. ಯಾರೋ ಶಿಳ್ಳೆ ಹೊಡೆದರು. ಅಜ್ಜಿ ಮಾತ್ರ ಪಕ್ಕದ ವಿದ್ಯಾರ್ಥಿನಿಗೆ, ಮದುವೆ ಮನೆಯಲ್ಲಿ ಹೇಳಿಕೊಳ್ಳುವ ದನಿಯಲ್ಲಿ, “ನನ್ನ ಮಗಳು. ಮೊದಲು ತಪ್ಪು ಮಾಡಿದ್ದೂ ಅವಳೇ, ಗೊತ್ತಾ?” ಎಂದಳು.

ಮುಂದಿನ ವರ್ಷ ಐಚ್ಛಿಕ ವಿಷಯಕ್ಕೆ ಅರವತ್ತೆಂಟು ಅರ್ಜಿ ಬಂದವು. ಕೆಳಗಿನ ದೊಡ್ಡ ಕೋಣೆ ಕೊಟ್ಟರು. ನಿವೃತ್ತಿಯಾದ ಮೇಲೂ ಮೂರು ವರ್ಷ ಪಾಠ ಮಾಡಬೇಕೆಂದು ಕಾಲೇಜೇ ಕೇಳಿಕೊಂಡಿತು. ಅತ್ತೆಯ ಆ ಲೇಖನ ಈಗ ಎಷ್ಟೋ ದೇಶಗಳ ತರಗತಿಗಳಲ್ಲಿ ಪಾಠ: ಹೇಗೆ ತಪ್ಪಬಾರದು, ತಪ್ಪಿದರೆ ಹೇಗೆ ನಿಲ್ಲಬೇಕು ಎಂಬುದಕ್ಕೆ.

ಆದರೆ ಅದಕ್ಕಿಂತ ಮುಂಚೆ, ತೀರ್ಪು ಬಂದ ಹದಿನೈದನೆಯ ದಿನ, ದೋಣಿ ಸಂಘದ ಅಧ್ಯಕ್ಷೆಯಿಂದ ಕರೆ ಬಂತು. ಬೆಳಿಗ್ಗೆ ಮೊದಲ ದೋಣಿಗಳು ಹೋಗ್ತಿವೆ, ನೀವೂ ಬನ್ನಿ, ಎಂದಳಂತೆ. ಇಷ್ಟು ವರ್ಷದಲ್ಲಿ ಅತ್ತೆ ಆ ದಿಬ್ಬಗಳನ್ನು ಕಣ್ಣಾರೆ ಕಂಡಿರಲೇ ಇಲ್ಲ.

ಎರಡು ಗಂಟೆಯ ದಾರಿ. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದದ ನೀರಿಗೆ ಇಳಿದು, ದೊಡ್ಡ ದಿಬ್ಬ ಹತ್ತಿದಳು. ದೊಡ್ಡದು ಎಂದರೆ ನಮ್ಮ ಕಾಲೇಜಿನ ಆಟದ ಮೈದಾನಕ್ಕಿಂತ ಸ್ವಲ್ಪ ಹೆಚ್ಚು. ಸುತ್ತಲೂ ನಡೆದು ಬಂದಳು. ಹನ್ನೊಂದು ನಿಮಿಷ ಆಯಿತು. ಇಷ್ಟೇನಾ ಇದು, ಎಂದು ನಕ್ಕಳು, ನಕ್ಕು ಮತ್ತೊಂದು ಸುತ್ತು ಹೋದಳು. ಕಂಬ ಕಿತ್ತ ಗುಂಡಿಯಲ್ಲಿ ನೀರು ನಿಂತಿತ್ತು, ಒಂದು ಏಡಿ ಅದರೊಳಗೆ ಸಂಸಾರ ಹೂಡಿತ್ತು. ಆಮೇಲೆ ಅತ್ತೆ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸೆರಗು ಬಾವುಟದಂತೆ ಹಾರುತ್ತಿತ್ತು. ನಾಲ್ಕು ದಿಕ್ಕಿಗೂ ನೀರು, ನೀರಿನ ತುಂಬ ನಮ್ಮ ದೋಣಿಗಳು.

ಸಂಘದ ಅಧ್ಯಕ್ಷೆ ಹೆಗಲ ಮೇಲೆ ಒದ್ದೆ ಬಲೆ ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದಳು.

“ಮೇಡಂ, ಸ್ವಲ್ಪ ಆ ಕಡೆ ನಿಂತ್ಕೋತೀರಾ? ಬಲೆ ಹರಡಬೇಕು. ಬಿಸಿಲು ಚೆನ್ನಾಗಿ ಬೀಳೋದು ಇಲ್ಲೇ.”

ಅತ್ತೆ ಪಕ್ಕಕ್ಕೆ ಸರಿದಳು. ಸರಿದವಳು ಬಲೆಯ ಇನ್ನೊಂದು ತುದಿ ಹಿಡಿದುಕೊಂಡಳು.